ಅರ್ಧಕ್ಕೆ ನಿಲ್ಲಿಸಿದ ಸಿನಿಮಾವನ್ನು ಬೋರು ಅನ್ನಬಹುದಾ?

(ಆನ್‌ಲೈನ್ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ರಾತ್ರಿನೋಟ

ಒಂದು ಸಿನಿಮಾ ಬಗ್ಗೆ ನಾನು ತಪ್ಪು ಮಾತಾಡಿದೆ. ಅದು ಮನಸ್ಸಿನಲ್ಲಿ ಕೊರೆಯುತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಿನಿಮಾ 'ಟೋಕಿಯೋ ಸ್ಟೋರಿ'. 1953ರ ಜಪಾನಿ ಚಿತ್ರ, ನಿರ್ದೇಶನ ಯಾಸುಜಿರೋ ಓಝು. ವಯಸ್ಸಾದ ಗಂಡ ಹೆಂಡತಿ ದೂರದ ಊರಿನಿಂದ ಮಕ್ಕಳನ್ನು ನೋಡಲು ಬರುತ್ತಾರೆ. ಮಕ್ಕಳು ಕೆಟ್ಟವರಲ್ಲ, ಆದರೆ ಯಾರಿಗೂ ಪುರುಸೊತ್ತಿಲ್ಲ. ಗಂಡನನ್ನು ಕಳೆದುಕೊಂಡ ಸೊಸೆ ಮಾತ್ರ ಇವರಿಗಾಗಿ ಸಮಯ ಮಾಡಿಕೊಳ್ಳುತ್ತಾಳೆ. ನಾನು ಎರಡು ಸಲ ಶುರು ಮಾಡಿ ಎರಡು ಸಲವೂ 20 ನಿಮಿಷಕ್ಕೆ ನಿಲ್ಲಿಸಿದೆ. ಕ್ಯಾಮೆರಾ ಅಲ್ಲಾಡುವುದೇ ಇಲ್ಲ. ಯಾರೂ ದನಿ ಎತ್ತುವುದಿಲ್ಲ. ಗೆಳತಿ ಕೇಳಿದಾಗ "ಬೋರು, ಜನ ಸುಮ್ನೆ ಹೊಗಳ್ತಾರೆ" ಅಂದುಬಿಟ್ಟೆ. ಅವಳು ನನ್ನ ಮಾತು ನಂಬಿ ನೋಡುವುದನ್ನೇ ಬಿಟ್ಟಳು.

ಹೋದ ವಾರ ನನ್ನ ಫೋನ್ ಕೆಟ್ಟು ರಿಪೇರಿಗೆ ಹೋಯಿತು. ರಾತ್ರಿ ಬೇರೆ ಕೆಲಸ ಇರಲಿಲ್ಲ. ಮೂರನೇ ಸಲ ಹಾಕಿದೆ. 2 ಗಂಟೆ 16 ನಿಮಿಷ, ಒಂದೇ ಕೂತಿನಲ್ಲಿ. ಅಜ್ಜಿ ಚಿಕ್ಕ ಮೊಮ್ಮಗನನ್ನು ಹೊರಗೆ ಕರೆದುಕೊಂಡು ಹೋಗುತ್ತಾಳೆ. ದೊಡ್ಡವನಾದ ಮೇಲೆ ಏನಾಗ್ತೀಯ ಅಂತ ಕೇಳುತ್ತಾಳೆ. ಹುಡುಗ ಉತ್ತರ ಕೊಡುವುದಿಲ್ಲ, ತನ್ನ ಪಾಡಿಗೆ ಆಡುತ್ತಿರುತ್ತಾನೆ. ಅಷ್ಟು ಹೊತ್ತಿಗೆ ನಾನು ಇರ್ತೀನೋ ಇಲ್ಲವೋ ಅಂತ ಅವಳು ತನ್ನಷ್ಟಕ್ಕೆ ಅಂದುಕೊಳ್ಳುತ್ತಾಳೆ. ನನಗೆ ಅಳು ಬಂತು. ಮೊದಲ ಎರಡು ಸಲ ಈ ದೃಶ್ಯದವರೆಗೂ ಬಂದಿರಲಿಲ್ಲ. ಬಂದಿದ್ದರೂ ಕಣ್ಣು ಫೋನಿನಲ್ಲೇ ಇರುತ್ತಿತ್ತು ಅನಿಸುತ್ತದೆ.

ಸಿನಿಮಾ ಅದೇ, ಟಿವಿ ಅದೇ, ನಾನೂ ಅದೇ. ನೋಡಿದ ರೀತಿ ಮಾತ್ರ ಬೇರೆ. ಹಾಗಾದರೆ ಮನೆಯಲ್ಲಿ ನೋಡಿ ನಾವು ಕೊಡುವ ಅಭಿಪ್ರಾಯಕ್ಕೆ ಎಷ್ಟು ಬೆಲೆ? "ಚೆನ್ನಾಗಿದೆ", "ಚೆನ್ನಾಗಿಲ್ಲ" ಅನ್ನುವಾಗ ಹೇಗೆ ನೋಡಿದೆವು ಅನ್ನೋದನ್ನೂ ಜೊತೆಗೆ ಹೇಳಬೇಕು ಅಂತ ನನಗೆ ಈಗ ಗಟ್ಟಿಯಾಗಿ ಅನಿಸುತ್ತಿದೆ. ನಿಮಗೆ?

ಮೂರನೇ ಸಾಲು

ನಿಮಗಾದ ಅನುಭವ ನಿಜವೇ. ಆದರೆ ನಾನು ಒಪ್ಪುವುದಿಲ್ಲ.

ದಿನವಿಡೀ ಕೆಲಸ ಮಾಡಿ ಬಂದು ಕೂರುತ್ತೇನೆ. ನನಗೆ ಸಿಗುವುದು ಎರಡು ಗಂಟೆ. ಸಿನಿಮಾ ನನ್ನನ್ನು ಹಿಡಿದು ಕೂರಿಸಬೇಕು. ನಾನು ಅದನ್ನು ಹಿಡಿದುಕೊಂಡು ಕೂರಬೇಕು ಅಂದರೆ ಅದು ಪರೀಕ್ಷೆಗೆ ಓದಿದ ಹಾಗಾಯಿತು. 30 ನಿಮಿಷ ಕೊಡುತ್ತೇನೆ. ಅಷ್ಟರಲ್ಲಿ ಒಂದು ಮುಖವಾದರೂ, ಒಂದು ಪ್ರಶ್ನೆಯಾದರೂ ಮನಸ್ಸಿಗೆ ಹತ್ತಬೇಕು. ಹತ್ತದಿದ್ದರೆ ಬಿಡುತ್ತೇನೆ. "ನನಗೆ ಹಿಡಿಸಲಿಲ್ಲ" ಅನ್ನುತ್ತೇನೆ. ಅದು ಸುಳ್ಳಲ್ಲ.

ಫೋನ್ ನೋಡಿದ್ದು ತಪ್ಪು ಅನ್ನುತ್ತೀರಿ. ಆದರೆ ಚೆನ್ನಾಗಿರುವ ಸಿನಿಮಾ ನೋಡುವಾಗ ನಾನು ಫೋನ್ ಮುಟ್ಟುವುದೇ ಇಲ್ಲ. ಕೈ ಫೋನಿನ ಕಡೆ ಹೋಯಿತು ಅಂದರೇನೇ ಅದು ನನ್ನ ಅಭಿಪ್ರಾಯ.

ಪುಟ್ಟ ಪರದೆ

ನನಗೆ ಒಂದೂವರೆ ವರ್ಷದ ಮಗು ಇದೆ. ಒಂದೇ ಕೂತಿನಲ್ಲಿ ನೋಡಿದ ಕೊನೆಯ ಸಿನಿಮಾ ಯಾವುದು ಅಂತ ನೆನಪಿಲ್ಲ. ಮಗು ಮಲಗಿದ ಮೇಲೆ, ಕತ್ತಲಲ್ಲಿ, ಮೊಬೈಲ್‌ನಲ್ಲಿ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನೋಡುತ್ತೇನೆ. ಇನ್ನೊಂದು ಕಿವಿ ಮಗುವಿಗೆ.

ಹೀಗೆ ನೋಡುವವರಿಗೆ ಅಭಿಪ್ರಾಯ ಇರಬಾರದು ಅಂದರೆ ಬೇಜಾರಾಗುತ್ತದೆ. ರಾತ್ರಿನೋಟ, ನೀವು ಹಾಗೆ ಹೇಳಿಲ್ಲ, ಗೊತ್ತು. ಆದರೂ ಹೇಳಬೇಕು ಅನಿಸಿತು.

'12 ಆಂಗ್ರಿ ಮೆನ್' ಅನ್ನು ಐದು ರಾತ್ರಿಯಲ್ಲಿ ನೋಡಿದೆ. 1957ರದ್ದು, 96 ನಿಮಿಷದ ಚಿತ್ರ. ಹನ್ನೆರಡು ಜನ ಜ್ಯೂರಿಗಳು, ಅಂದರೆ ಕೋರ್ಟಿನಲ್ಲಿ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನ, ಒಂದು ಕೋಣೆಯಲ್ಲಿ ಕೂತು ವಾದ ಮಾಡುತ್ತಾರೆ. ಹೆಚ್ಚುಕಡಿಮೆ ಪೂರ್ತಿ ಸಿನಿಮಾ ಅಲ್ಲೇ ನಡೆಯುತ್ತದೆ. ಮೊಬೈಲ್ ಪರದೆಗೆ ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಎಲ್ಲಾ ಮುಖಗಳೇ. ಹೋಗ್ತಾ ಹೋಗ್ತಾ ಉಸಿರು ಕಟ್ಟಿದ ಹಾಗಾಯಿತು. ಯಾಕೆ ಅಂತ ಆಮೇಲೆ ತಿಳಿಯಿತು. ನಿರ್ದೇಶಕ ಸಿಡ್ನಿ ಲ್ಯೂಮೆಟ್ ಮೊದಲ ಭಾಗವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ತೆಗೆದಿದ್ದಾರೆ, ನಡುವಿನ ಭಾಗವನ್ನು ಕಣ್ಣಿನ ಮಟ್ಟದಲ್ಲಿ, ಕೊನೆಯ ಭಾಗವನ್ನು ಕೆಳಗಿನಿಂದ. ಕೊನೆಗೆ ಚಾವಣಿಯೂ ಕಾಣಿಸುತ್ತದೆ. ಲೆನ್ಸ್ ಕೂಡ ಬದಲಾಯಿಸುತ್ತಾ ಹೋಗಿದ್ದಾರೆ, ಗೋಡೆಗಳು ಹತ್ತಿರ ಬಂದ ಹಾಗೆ ಕಾಣುವುದು ಅದಕ್ಕೆ. ಇದ್ಯಾವುದೂ ಗೊತ್ತಿಲ್ಲದೆ, ಅಂಗೈಯಗಲದ ಪರದೆಯಲ್ಲಿ, ತುಂಡು ತುಂಡಾಗಿ ನೋಡಿದರೂ ನನಗೆ ಆ ಒತ್ತಡ ತಟ್ಟಿತು.

ಅದೇ ಮೊಬೈಲ್‌ನಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಹಾಕಿದೆ. ಮರುಭೂಮಿಯ ದೂರದಲ್ಲಿ ಒಂದು ಚುಕ್ಕೆ ಕಾಣಿಸುತ್ತದೆ, ಅದು ನಿಧಾನಕ್ಕೆ ಒಂಟೆ ಸವಾರ ಆಗುತ್ತದೆ. ತುಂಬಾ ಹೆಸರಾದ ದೃಶ್ಯ. ನನಗೆ ಆ ಚುಕ್ಕೆ ಕಾಣಲೇ ಇಲ್ಲ. ಸವಾರ ಹತ್ತಿರ ಬಂದ ಮೇಲೇ ಯಾರೋ ಬಂದರು ಅಂತ ಗೊತ್ತಾಗಿದ್ದು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಯಾಕೆಂದರೆ ನಾನು ಅದನ್ನು ನೋಡಿಲ್ಲ ಅಂತಲೇ ಲೆಕ್ಕ. ಮಗು ದೊಡ್ಡದಾಗಲಿ, ದೊಡ್ಡ ಪರದೆಯಲ್ಲಿ ನೋಡುತ್ತೇನೆ.

ಅಂದರೆ ಕೆಲವು ಸಿನಿಮಾ ತುಂಡು ಮಾಡಿದರೂ ಬದುಕುತ್ತವೆ. ಕೆಲವಕ್ಕೆ ಆಗುವುದಿಲ್ಲ.

ಹಳೇ ಟೇಪು

ಮನೆಯಲ್ಲಿ ನೋಡೋದು ಎರಡನೇ ದರ್ಜೆ ಅನ್ನೋ ಮಾತು ಎಲ್ಲಾ ಕಡೆ ಕೇಳುತ್ತೇನೆ. ಚರಿತ್ರೆ ಹಾಗೆ ಹೇಳುವುದಿಲ್ಲ.

'ದಿ ಶಾಶಾಂಕ್ ರಿಡೆಂಪ್ಷನ್' 1994ರಲ್ಲಿ ಬಂದಾಗ ಥಿಯೇಟರ್‌ಗಳಲ್ಲಿ ಓಡಲಿಲ್ಲ. ಏಳು ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಒಂದೂ ಬರಲಿಲ್ಲ. ಆಮೇಲೆ ಜನ ಕ್ಯಾಸೆಟ್ ಬಾಡಿಗೆಗೆ ತಂದು ನೋಡಿದರು. 1997ರಿಂದ ಅಮೆರಿಕದ ಒಂದು ಕೇಬಲ್ ವಾಹಿನಿ ಅದನ್ನು ಮತ್ತೆ ಮತ್ತೆ ಹಾಕಿತು. ಇವತ್ತು ಅದು ಜಗತ್ತಿನಲ್ಲಿ ಅತಿ ಹೆಚ್ಚು ಜನ ಇಷ್ಟಪಡುವ ಸಿನಿಮಾಗಳಲ್ಲಿ ಒಂದು. ಅದನ್ನು ಎತ್ತಿ ನಿಲ್ಲಿಸಿದ್ದು ಮನೆಯಲ್ಲಿ ಕೂತು ನೋಡಿದವರು. ಎಷ್ಟೋ ಜನ ನಡುವಿನಿಂದ ನೋಡಿದವರು!

ಇನ್ನೂ ಹಳೆಯದು ಬೇಕಾದರೆ 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಬಂದಾಗ ಹಾಕಿದ ದುಡ್ಡೂ ವಾಪಸ್ ಬರಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯವನ್ನು ನವೀಕರಿಸಲಿಲ್ಲ. ಟಿವಿ ವಾಹಿನಿಗಳು ಪುಕ್ಕಟೆಯಾಗಿ ಸಿಕ್ಕಿತು ಅಂತ ವರ್ಷ ವರ್ಷ ಹಾಕಿದವು. ಹಾಗೆ ಅದು ಮನೆಮನೆಯ ಸಿನಿಮಾ ಆಯಿತು.

ಆದರೆ ಮನೆಯಲ್ಲಿ ನಾವು ಕಳೆದುಕೊಂಡಿದ್ದೂ ಉಂಟು. ಕ್ಯಾಸೆಟ್ ಕಾಲದಲ್ಲಿ ಟಿವಿ ಹೆಚ್ಚುಕಡಿಮೆ ಚೌಕವಾಗಿತ್ತು. ಅಗಲದ ಸಿನಿಮಾವನ್ನು ಅದರಲ್ಲಿ ತುಂಬಿಸಲು ಎರಡೂ ಬದಿ ಕತ್ತರಿಸುತ್ತಿದ್ದರು. ಪ್ಯಾನ್ ಅಂಡ್ ಸ್ಕ್ಯಾನ್ ಅಂತ ಅದಕ್ಕೆ ಹೆಸರು. ತುಂಬಾ ಅಗಲದ ಚಿತ್ರವಾದರೆ ಅರ್ಧಕ್ಕೆ ಹತ್ತಿರದಷ್ಟು ದೃಶ್ಯ ಹೊರಗೇ ಉಳಿಯುತ್ತಿತ್ತು. ಇಬ್ಬರು ಮಾತಾಡುವ ಕಡೆ ಒಬ್ಬರೇ ಕಾಣುತ್ತಿದ್ದರು, ಇನ್ನೊಬ್ಬರ ಮೂಗು ಮಾತ್ರ ಅಂಚಿನಲ್ಲಿ. ನಾನು ಹತ್ತಾರು ಸಿನಿಮಾಗಳನ್ನು ಹಾಗೆ ನೋಡಿ "ಛಾಯಾಗ್ರಹಣ ಸಾಧಾರಣ" ಅಂದಿದ್ದೇನೆ. ಅದು ನಾನು ನೋಡಿದ ತುಂಡಿನ ಬಗ್ಗೆ ಹೇಳಿದ ಮಾತಾಗಿತ್ತು.

ಈಗ ಅದು ಅಪರೂಪ. ಆದರೆ ಈಗಲೂ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಜನ ರಿಮೋಟ್ ತೆಗೆದು ಝೂಮ್ ಒತ್ತುತ್ತಾರೆ. ದಯವಿಟ್ಟು ಒತ್ತಬೇಡಿ. ಆ ಪಟ್ಟಿ ಇದ್ದರೇನೇ ಪೂರ್ತಿ ಚಿತ್ರ ಕಾಣುವುದು. ಅಗಲದ ಚಿತ್ರಕ್ಕೆ ಝೂಮ್ ಮಾಡಿದರೆ ಸುಮಾರು ಕಾಲು ಭಾಗ ಕಳೆದುಹೋಗುತ್ತದೆ.

ರಾತ್ರಿನೋಟ

ಪುಟ್ಟ ಪರದೆ, "ನೋಡಿಲ್ಲ ಅಂತಲೇ ಲೆಕ್ಕ" ಅಂದಿರಲ್ಲ, ನಾನು ಹುಡುಕುತ್ತಿದ್ದ ಮಾತು ಅದೇ. ಗೆಳತಿಗೆ ನಾನು ಅಷ್ಟು ಹೇಳಿದ್ದರೆ ಸಾಕಿತ್ತು.

ಮೂರನೇ ಸಾಲು, ನಿಮ್ಮ 30 ನಿಮಿಷದ ಲೆಕ್ಕ ನ್ಯಾಯವೇ. ಆದರೆ ಕೈ ಫೋನಿನ ಕಡೆ ಹೋಗುವುದಕ್ಕೆ ಸಿನಿಮಾ ಒಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ. ನನ್ನ ಕೈ ಊಟಕ್ಕೆ ಕೂತಾಗಲೂ ಫೋನಿನ ಕಡೆ ಹೋಗುತ್ತದೆ, ಅಮ್ಮ ಮಾತಾಡುವಾಗಲೂ ಹೋಗುತ್ತದೆ.

ಕಿವಿಗೊಡು

ಯಾರೂ ಶಬ್ದದ ಬಗ್ಗೆ ಮಾತಾಡಿಲ್ಲ. ಮನೆಯಲ್ಲಿ ನೋಡುವವರು "ಚೆನ್ನಾಗಿಲ್ಲ" ಅನ್ನುವುದರಲ್ಲಿ ಅರ್ಧ ಪಾಲು ಶಬ್ದದ ತೊಂದರೆಯೇ ಅಂತ ನನ್ನ ನಂಬಿಕೆ.

ನಮ್ಮನೆಯಲ್ಲಿ ನಡೆಯುತ್ತಿದ್ದುದು ಹೀಗೆ. ಮಾತು ಕೇಳಿಸುವುದಿಲ್ಲ ಅಂತ ವಾಲ್ಯೂಮ್ ಜಾಸ್ತಿ ಮಾಡುವುದು. ತಕ್ಷಣ ಗುಂಡಿನ ಶಬ್ದವೋ ಸಂಗೀತವೋ ಬಂದು ಮನೆಯವರೆಲ್ಲ ಬೆಚ್ಚಿಬೀಳುವುದು. ಕಡಿಮೆ ಮಾಡುವುದು. ಮತ್ತೆ ಮಾತು ಕೇಳಿಸದು. ಎರಡು ಗಂಟೆ ರಿಮೋಟ್ ಕೈಯಲ್ಲೇ. ಕೊನೆಗೆ "ನಟರು ಬಾಯೊಳಗೇ ಮಾತಾಡ್ತಾರೆ" ಅಂತ ತೀರ್ಪು.

ಕಾರಣ ಏನೆಂದರೆ, ಸಿನಿಮಾದ ಶಬ್ದವನ್ನು ಬಹಳ ಸಲ 5.1 ಅಥವಾ ಅದಕ್ಕಿಂತ ಹೆಚ್ಚು ಚಾನೆಲ್‌ಗಳಲ್ಲಿ ಕೂರಿಸಿರುತ್ತಾರೆ. ಮುಂದೆ ಮೂರು, ಅಕ್ಕಪಕ್ಕ ಎರಡು, ಜೊತೆಗೆ ಗುಡುಗಿನಂಥ ಕೆಳದನಿಗೆ ಒಂದು. ಮಾತು ಹೆಚ್ಚಾಗಿ ಮುಂದಿನ ಮೂರರಲ್ಲಿ ನಡುವಿನದ್ದರಿಂದ ಬರುತ್ತದೆ. ನಮ್ಮ ಟಿವಿಯಲ್ಲಿ ಇರುವುದು ಎರಡು ಸಣ್ಣ ಸ್ಪೀಕರ್. ಟಿವಿ ತೆಳ್ಳಗಾದಷ್ಟೂ ಅವು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿಕೊಂಡಿವೆ. ಆರು ದಾರಿಯಲ್ಲಿ ಬರಬೇಕಾದ್ದು ಎರಡರಲ್ಲಿ ನುಗ್ಗಿದಾಗ ಮಾತು ಮುಚ್ಚಿಹೋಗುತ್ತದೆ. ಇನ್ನೊಂದು, ಥಿಯೇಟರ್‌ಗೆ ಮಾಡಿದ ಮಿಶ್ರಣದಲ್ಲಿ ಪಿಸುಮಾತಿಗೂ ಸ್ಫೋಟಕ್ಕೂ ನಡುವೆ ತುಂಬಾ ಅಂತರ ಇರುತ್ತದೆ. ಅಲ್ಲಿ ಅದು ಸೊಗಸು. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿರುವ ಮನೆಯಲ್ಲಿ ಅದು ಕಷ್ಟ.

ನಾನು ಮಾಡಿದ್ದು ಇಷ್ಟು. ಆಪ್‌ನಲ್ಲಿ ಆಡಿಯೋ ಆಯ್ಕೆಗೆ ಹೋಗಿ 5.1 ಬದಲು ಸ್ಟೀರಿಯೋ ಇದ್ದರೆ ಅದನ್ನು ಆರಿಸುವುದು. ಟಿವಿಯ ಸೆಟ್ಟಿಂಗ್‌ನಲ್ಲಿ 'ನೈಟ್ ಮೋಡ್' ಅಥವಾ 'ಕ್ಲಿಯರ್ ವಾಯ್ಸ್' ಥರದ್ದು ಇದ್ದರೆ ಹಾಕುವುದು. ಕೆಲವು ಟಿವಿಗಳಲ್ಲಿ ಹೆಸರು ಬೇರೆ ಇರುತ್ತದೆ, ಶಬ್ದದ ಮೆನುವಿನಲ್ಲಿ ಹುಡುಕಿ. ಸೌಂಡ್‌ಬಾರ್ ಕೊಳ್ಳುವವರು ನಡುವಿನ ಚಾನೆಲ್ ಇರುವುದನ್ನು ನೋಡಿ ಕೊಳ್ಳಿ. ಏನೂ ಬೇಡ ಅಂದರೆ ಒಂದು ಸಾಧಾರಣ ಹೆಡ್‌ಫೋನ್ ಸಾಕು.

ಇದನ್ನು ಮಾಡಿದ ಮೇಲೆ ಮೂರು ತಿಂಗಳ ಹಿಂದೆ ಬೈದಿದ್ದ ಒಂದು ಸಿನಿಮಾವನ್ನು ಮತ್ತೆ ನೋಡಿದೆ. ಆ ನಟ ಬಾಯೊಳಗೆ ಮಾತಾಡಿರಲಿಲ್ಲ. ಅವನ ದನಿ ನಡುಗುತ್ತಿತ್ತು. ಆ ನಡುಕವೇ ಪಾತ್ರ. ನನಗೆ ಅದು ಕೇಳಿಸಿರಲೇ ಇಲ್ಲ.

ಮಂದಬೆಳಕು

ಶಬ್ದದ ಹಾಗೇ ಚಿತ್ರಕ್ಕೂ ಒಂದು ವಿಷಯ ಇದೆ. ಅಪ್ಪ ಹೊಸ ಟಿವಿ ತಂದಾಗಿನಿಂದ ಯಾವ ಸಿನಿಮಾ ಹಾಕಿದರೂ "ಇದೇನು, ಸೀರಿಯಲ್ ಥರ ಇದೆ" ಅನ್ನುತ್ತಿದ್ದರು. ಎಷ್ಟು ದುಡ್ಡು ಹಾಕಿ ಮಾಡಿದ ಚಿತ್ರವಾದರೂ ಅಗ್ಗವಾಗಿ ಕಾಣುತ್ತಿತ್ತು. ನಾನು ಅವರಿಗೆ ಸಿನಿಮಾ ಹಿಡಿಸುತ್ತಿಲ್ಲ ಅಂದುಕೊಂಡಿದ್ದೆ. ಅವರ ಕಣ್ಣು ಸರಿಯಾಗಿಯೇ ಗುರುತಿಸಿತ್ತು.

ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ಓಡುತ್ತದೆ. ಟಿವಿ ಪರದೆ ಸೆಕೆಂಡಿಗೆ 60 ಅಥವಾ 120 ಸಲ ಬದಲಾಗುತ್ತದೆ. ನಡುವಿನ ಜಾಗ ತುಂಬಿಸಲು ಟಿವಿ ತಾನೇ ಹೊಸ ಚಿತ್ರಗಳನ್ನು ಲೆಕ್ಕ ಹಾಕಿ ಸೇರಿಸುತ್ತದೆ. ಕ್ಯಾಮೆರಾ ತೆಗೆಯದೇ ಇರುವ ಚಿತ್ರಗಳು ಅವು. ಕ್ರಿಕೆಟ್, ಫುಟ್‌ಬಾಲ್ ನೋಡುವಾಗ ಇದು ಚೆಂದ. ಸಿನಿಮಾದಲ್ಲಿ ಎಲ್ಲಾ ಜಾರಿದ ಹಾಗೆ, ಸ್ಟುಡಿಯೋದಲ್ಲಿ ವಿಡಿಯೋ ತೆಗೆದ ಹಾಗೆ ಕಾಣುತ್ತದೆ. 2018ರಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್‌ಕ್ವಾರಿ ಒಂದು ವಿಡಿಯೋ ಮಾಡಿ, ದಯವಿಟ್ಟು ಇದನ್ನು ಆಫ್ ಮಾಡಿ ಅಂತ ನೋಡುಗರನ್ನು ಕೇಳಿಕೊಂಡಿದ್ದರು. ಮುಂದಿನ ವರ್ಷವೇ 'ಫಿಲ್ಮ್‌ಮೇಕರ್ ಮೋಡ್' ಅನ್ನುವ ಆಯ್ಕೆಯನ್ನು ಟಿವಿ ಕಂಪನಿಗಳೂ ಸ್ಟುಡಿಯೋಗಳೂ ಇರುವ ಒಕ್ಕೂಟವೊಂದು ಪ್ರಕಟಿಸಿತು. ಅದಿರುವ ಟಿವಿಯಲ್ಲಿ ಅದನ್ನು ಒತ್ತಿದರೆ ಸಾಕು. ಇಲ್ಲದಿದ್ದರೆ ಸ್ಯಾಮ್‌ಸಂಗ್‌ನಲ್ಲಿ 'ಆಟೋ ಮೋಷನ್ ಪ್ಲಸ್', ಎಲ್‌ಜಿಯಲ್ಲಿ 'ಟ್ರೂಮೋಷನ್', ಸೋನಿಯಲ್ಲಿ 'ಮೋಷನ್‌ಫ್ಲೋ' ಅಂತ ಹುಡುಕಿ ಆಫ್ ಮಾಡಿ.

ಕತ್ತಲ ದೃಶ್ಯಗಳದ್ದು ಇನ್ನೊಂದು ಕಥೆ. 2019ರ ಏಪ್ರಿಲ್‌ನಲ್ಲಿ 'ಗೇಮ್ ಆಫ್ ಥ್ರೋನ್ಸ್' ಕೊನೆಯ ಸೀಸನ್‌ನ ಮೂರನೇ ಕಂತು ಬಂದಾಗ ತುಂಬಾ ಜನ "ಏನೂ ಕಾಣ್ತಿಲ್ಲ" ಅಂದರು. ಅದರ ಛಾಯಾಗ್ರಾಹಕರು, ಜನರಿಗೆ ಟಿವಿ ಸರಿ ಮಾಡಿಕೊಳ್ಳಲು ಬರುವುದಿಲ್ಲ ಎಂಬರ್ಥದ ಮಾತು ಹೇಳಿದರು. ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ಇಂಟರ್‌ನೆಟ್‌ನಲ್ಲಿ ಬರುವ ವಿಡಿಯೋವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತಾರೆ. ಆಗ ಮೊದಲು ಹಾಳಾಗುವುದು ಕತ್ತಲ ಭಾಗ, ಬೂದು ಬಣ್ಣದ ಚೌಕಗಳು ಕಾಣಿಸುತ್ತವೆ. ಆದರೆ ಜನ ಮನೆಯಲ್ಲಿ ಹೇಗೆ ನೋಡುತ್ತಾರೆ ಅನ್ನೋದು ಮಾಡುವವರಿಗೂ ಗೊತ್ತಿರಬೇಕು ಅಲ್ವಾ? ಎಲ್ಲರ ಮನೆಯಲ್ಲೂ ಕಿಟಕಿ ಪರದೆ ಎಳೆದು ಕತ್ತಲು ಮಾಡುವ ಅನುಕೂಲ ಇರುವುದಿಲ್ಲ.

ಪುಟ್ಟ ಪರದೆ

ಮಂದಬೆಳಕು, ಇದನ್ನು ಓದಿದ ಕೂಡಲೇ ಅತ್ತೆಯ ಕೋಣೆಯ ಟಿವಿಯಲ್ಲಿ ಆ ಮೋಷನ್ ಸೆಟ್ಟಿಂಗ್ ಆಫ್ ಮಾಡಿ ತೋರಿಸಿದೆ. ನನಗೆ ತಕ್ಷಣ ವ್ಯತ್ಯಾಸ ಗೊತ್ತಾಯಿತು. ಅವರು "ಮೊದಲಿದ್ದದ್ದೇ ಚೆನ್ನಾಗಿತ್ತು, ಈಗ ಕಣ್ಣಿಗೆ ಅದುರಿದ ಹಾಗಾಗುತ್ತೆ" ಅಂದರು. ಮತ್ತೆ ಹಾಕಿಕೊಟ್ಟೆ. ಅವರ ಕಣ್ಣು, ಅವರ ಟಿವಿ.

ಎರಡು ಸಾಲು

ನನಗೆ ಹುಟ್ಟಿನಿಂದಲೇ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಸಬ್‌ಟೈಟಲ್ ಇಲ್ಲದೆ ನನಗೆ ಸಿನಿಮಾ ಇಲ್ಲ. ಅದಕ್ಕೇ "ಸಬ್‌ಟೈಟಲ್ ಓದುತ್ತಾ ನೋಡಿದರೆ ಸಿನಿಮಾ ನೋಡಿದ ಹಾಗಲ್ಲ" ಅಂತ ಯಾರಾದರೂ ಅಂದರೆ ನೋವಾಗುತ್ತದೆ.

ಕೇಳಿಸದವರಿಗಾಗಿ ಮಾಡುವ ಸಬ್‌ಟೈಟಲ್‌ನಲ್ಲಿ ಮಾತಿನ ಜೊತೆ ಬಾಗಿಲು ಕಿರುಗುಟ್ಟಿದ್ದು, ದೂರದಲ್ಲಿ ನಾಯಿ ಬೊಗಳಿದ್ದು, ಯಾರು ಮಾತಾಡಿದರು ಅನ್ನೋದು ಎಲ್ಲಾ ಇರುತ್ತದೆ. ಅಮೆರಿಕದ ಟಿವಿಯಲ್ಲಿ, ಬೇಕಾದವರು ಮಾತ್ರ ಆನ್ ಮಾಡಿಕೊಳ್ಳುವಂಥ ಇಂಥ ಬರಹ ನಿಯಮಿತವಾಗಿ ಶುರುವಾಗಿದ್ದು 1980ರ ಮಾರ್ಚ್‌ನಲ್ಲಿ. ಅದಕ್ಕೂ ಮುಂಚೆ ಅಲ್ಲಿ ನನ್ನಂಥವರು ಹೆಚ್ಚಾಗಿ ಟಿವಿ ಮುಂದೆ ಕೂತು ಮುಖಗಳನ್ನಷ್ಟೇ ನೋಡಬೇಕಿತ್ತು. ಈಗ ಚೆನ್ನಾಗಿ ಕೇಳಿಸುವವರೂ ಇದನ್ನು ಹಾಕಿಕೊಂಡು ನೋಡುತ್ತಾರೆ. ಕಿವಿಗೊಡು ಹೇಳಿದ ಶಬ್ದದ ತೊಂದರೆಯೇ ಅದಕ್ಕೆ ಒಂದು ಕಾರಣ ಇರಬೇಕು. ನನಗೆ ಖುಷಿ. ಜಾಸ್ತಿ ಜನ ಬಳಸಿದಷ್ಟೂ ಅದನ್ನು ಚೆನ್ನಾಗಿ ಮಾಡುತ್ತಾರೆ.

ಡಬ್ಬಿಂಗ್ ಒಳ್ಳೆಯದೋ ಸಬ್‌ಟೈಟಲ್ ಒಳ್ಳೆಯದೋ ಅನ್ನೋ ಜಗಳವೂ ನನಗೆ ಅರ್ಥವಾಗುವುದಿಲ್ಲ. ಎರಡರಲ್ಲೂ ಏನೋ ಹೋಗುತ್ತದೆ. ಸಬ್‌ಟೈಟಲ್ ಎರಡು ಸಾಲಿನೊಳಗೆ, ಕಣ್ಣು ಓದುವಷ್ಟು ಹೊತ್ತಿನೊಳಗೆ ಮುಗಿಯಬೇಕು. ಅದಕ್ಕೆ ಮಾತನ್ನು ಕತ್ತರಿಸುತ್ತಾರೆ. ಡಬ್ಬಿಂಗ್ ಬಾಯಿ ಚಲನೆಗೆ ಹೊಂದಬೇಕು. ಅದಕ್ಕೆ ಮಾತನ್ನು ಬದಲಿಸುತ್ತಾರೆ. ನಟನ ನಿಜವಾದ ದನಿಯೂ ಹೋಗುತ್ತದೆ. ಆದರೆ ಓದಲು ಕಷ್ಟವಾಗುವ ಅಜ್ಜ ಅಜ್ಜಿಗೆ, ಇನ್ನೂ ಓದಲು ಬಾರದ ಮಕ್ಕಳಿಗೆ ಡಬ್ಬಿಂಗ್ ಒಂದೇ ಬಾಗಿಲು. 2020ರಲ್ಲಿ 'ಪ್ಯಾರಾಸೈಟ್' ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ಇಂಗ್ಲಿಷ್ ಅಲ್ಲದ ಭಾಷೆಯ ಚಿತ್ರಕ್ಕೆ ಆ ಪ್ರಶಸ್ತಿ ಅದೇ ಮೊದಲು. ಮರುವರ್ಷ ಒಂಬತ್ತು ಕಂತುಗಳ ಕೊರಿಯನ್ ಸರಣಿ 'ಸ್ಕ್ವಿಡ್ ಗೇಮ್' ಮನೆಮನೆಗೆ ಹೋಯಿತು. ಅದನ್ನು ಓದಿ ನೋಡಿದವರೂ ಇದ್ದರು, ತಮ್ಮ ಭಾಷೆಯಲ್ಲಿ ಕೇಳಿ ನೋಡಿದವರೂ ಇದ್ದರು. ನನಗೆ ಎರಡೂ ನೋಡುವುದೇ.

ಒಂದು ಬೇಡಿಕೆ ಮಾತ್ರ. ಡಬ್ ನೋಡಿ "ನಟನೆ ಕೃತಕ" ಅನ್ನುವ ಮೊದಲು ಒಂದು ಹತ್ತು ನಿಮಿಷ ಮೂಲ ದನಿಯಲ್ಲಿ ನೋಡಿ.

ಮೂರನೇ ಸಾಲು

ಎಲ್ಲಾ ಓದಿದೆ. ಶಬ್ದದ ಸೆಟ್ಟಿಂಗ್ ನಿನ್ನೆಯೇ ಬದಲಾಯಿಸಿದೆ, ಕಿವಿಗೊಡು ಅವರಿಗೆ ಥ್ಯಾಂಕ್ಸ್.

ಆದರೂ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ಸರಣಿಗಳ ವಿಷಯ ತೆಗೆದುಕೊಳ್ಳಿ. "ಎರಡನೇ ಸೀಸನ್‌ವರೆಗೆ ತಾಳ್ಮೆಯಿಂದ ನೋಡಿ, ಆಮೇಲೆ ಅದ್ಭುತ" ಅಂತ ಹೇಳುವವರು ನನಗೆ ಸಿಕ್ಕಾಪಟ್ಟೆ ಸಿಕ್ಕಿದ್ದಾರೆ. 'ಬ್ರೇಕಿಂಗ್ ಬ್ಯಾಡ್' ಒಟ್ಟು 62 ಕಂತು. ಒಂದಕ್ಕೆ 47 ನಿಮಿಷ ಅಂದುಕೊಂಡರೂ 48 ಗಂಟೆ ದಾಟುತ್ತದೆ. ಎರಡು ಪೂರ್ತಿ ದಿನ, ನಿದ್ದೆಯಿಲ್ಲದೆ. ನನಗೆ ಅದು ಮೊದಲ ಕಂತಿನಲ್ಲೇ ಹಿಡಿಸಿತು, ಆ ಮಾತು ಬೇರೆ. ಹಿಡಿಸದಿದ್ದವರಿಗೆ ಇನ್ನೂ 20 ಗಂಟೆ ಕೊಡಿ ಅನ್ನುವುದು ಯಾವ ನ್ಯಾಯ? ಮೂರು ಕಂತು ನೋಡಿ ಬಿಟ್ಟವರು ಮೂರು ಕಂತಿನ ಬಗ್ಗೆ ಮಾತಾಡಬಹುದು. "ಮೂರು ಕಂತು ನೋಡಿದೆ, ಬಿಟ್ಟೆ" ಅಂದರೆ ಅದರಲ್ಲೇ ಎಲ್ಲಾ ಇದೆ.

ಹಾಂ, ಈಗ ಬರೆದ ಮೇಲೆ ಗೊತ್ತಾಗುತ್ತಿದೆ, ರಾತ್ರಿನೋಟ ಹೇಳಿದ್ದೂ ಇದನ್ನೇ.

ವಾರಕ್ಕೊಂದು

ಸರಣಿಗಳ ಮಾತು ಬಂತಲ್ಲ, ನನ್ನದೂ ಸೇರಿಸುತ್ತೇನೆ.

2013ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ 'ಹೌಸ್ ಆಫ್ ಕಾರ್ಡ್ಸ್'ನ 13 ಕಂತುಗಳನ್ನು ಒಂದೇ ದಿನ ಬಿಟ್ಟಿತು. ಆಮೇಲೆ ಅದೇ ರೂಢಿಯಾಯಿತು. ನಾನೂ ಹಾಗೇ ನೋಡುತ್ತಿದ್ದೆ. ಶನಿವಾರ ಶುರು, ಭಾನುವಾರ ರಾತ್ರಿ ಮುಗಿತು. ಬುಧವಾರದ ಹೊತ್ತಿಗೆ ಪಾತ್ರಗಳ ಹೆಸರೂ ನೆನಪಿರುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಪರವಾಗಿಲ್ಲ" ಅನ್ನುತ್ತಿದ್ದೆ. ನನ್ನ ಎಲ್ಲಾ ಅಭಿಪ್ರಾಯವೂ "ಪರವಾಗಿಲ್ಲ" ಆಗಿತ್ತು.

ತಂಗಿ ಬೇರೆ ದೇಶದಲ್ಲಿದ್ದಾಳೆ. ಇಬ್ಬರೂ ಸೇರಿ 'ಚೆರ್ನೋಬಿಲ್' ನೋಡಲು ಒಪ್ಪಂದ ಮಾಡಿಕೊಂಡೆವು. 2019ರದ್ದು, ಐದೇ ಕಂತು. ವಾರಕ್ಕೆ ಒಂದು, ಭಾನುವಾರ ಫೋನ್ ಮಾಡಿ ಮಾತಾಡುವುದು. ಅದು ಬಂದಿದ್ದೂ ವಾರಕ್ಕೊಂದರಂತೆಯೇ. ಮೊದಲ ಕಂತು ನೋಡಿದ ಮೇಲೆ ಆರು ದಿನ ಸುಮ್ಮನಿರಬೇಕು! ಆ ಆರು ದಿನ ನಾನು ಅದನ್ನೇ ಯೋಚಿಸುತ್ತಿದ್ದೆ. ಸೇತುವೆ ಮೇಲೆ ನಿಂತು ಬೆಂಕಿ ನೋಡುವ ಜನ, ಮೇಲಿಂದ ಉದುರುವ ಬೂದಿ, ಅದರಲ್ಲಿ ಆಡುವ ಮಕ್ಕಳು. ತಂಗಿ ಗಮನಿಸಿದ್ದು ನನಗೆ ಕಂಡಿರಲಿಲ್ಲ, ನಾನು ಗಮನಿಸಿದ್ದು ಅವಳಿಗೆ. ಐದು ವಾರ ಮುಗಿದಾಗ ನನಗೆ ಅದರ ಬಗ್ಗೆ ಹೇಳಲು ನಿಜವಾಗಿ ಏನೋ ಇತ್ತು.

ಈಗ ಎಲ್ಲಾ ಆಪ್‌ನಲ್ಲೂ ಮುಂದಿನ ಕಂತು ತಾನಾಗಿ ಶುರುವಾಗುವುದನ್ನು ಆಫ್ ಮಾಡಿಟ್ಟಿದ್ದೇನೆ. ಹೆಚ್ಚಾಗಿ ಖಾತೆಯ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ. ಕಂತು ಮುಗಿದ ಮೇಲೆ ಹೆಸರುಗಳು ಬರುವಾಗ ಒಂದೆರಡು ನಿಮಿಷ ಸಂಗೀತ ಇರುತ್ತದಲ್ಲ, ಆ ಹೊತ್ತು ನನಗೆ ಬೇಕು.

ಹಳೇ ಟೇಪು

ಅಂಕಿಗಳ ಬಗ್ಗೆ ಒಂದು ಮಾತು, ಯಾಕೆಂದರೆ ಮಗ ಏನನ್ನೂ ಅಂಕಿ ನೋಡದೆ ಹಾಕುವುದಿಲ್ಲ. ವಿಮರ್ಶೆಗಳನ್ನು ಒಟ್ಟುಮಾಡಿ ಅಂಕಿ ಕೊಡುವ ಜಾಲತಾಣ ರಾಟನ್ ಟೊಮೇಟೋಸ್‌ನಲ್ಲಿ 95% ಅಂದರೆ ನೂರಕ್ಕೆ 95 ಅಂಕ ಅಂತಲ್ಲ. ನೂರು ವಿಮರ್ಶಕರಲ್ಲಿ 95 ಜನ ಒಟ್ಟಾರೆ "ಒಪ್ಪಿಗೆ" ಅಂದಿದ್ದಾರೆ ಅಂತ ಮಾತ್ರ. ಎಲ್ಲರಿಗೂ ಸುಮಾರಾಗಿ ಹಿಡಿಸಿದ ಸಿನಿಮಾ ಅಲ್ಲಿ ಮೇಲೆ ಹೋಗುತ್ತದೆ. ಅರ್ಧ ಜನ ತಲೆ ಮೇಲೆ ಹೊತ್ತು, ಅರ್ಧ ಜನ ಬೈದ ಸಿನಿಮಾ 50ರಲ್ಲಿ ನಿಲ್ಲುತ್ತದೆ. ನನ್ನ ಇಷ್ಟದ ಎಷ್ಟೋ ಸಿನಿಮಾಗಳು ಈ ಎರಡನೇ ಥರದವು. ಅಂಕಿ ನೋಡಿಯೇ ಆರಿಸಿದ್ದರೆ ಅವು ನನಗೆ ಸಿಗುತ್ತಲೇ ಇರಲಿಲ್ಲ.

ಅದೇ ಮತ್ತೆ

ನಾನು ಇಲ್ಲಿ ಓದುವವಳು, ಬರೆಯುವುದು ಕಡಿಮೆ.

ಹೋದ ವರ್ಷ ಅಮ್ಮನನ್ನು ತಿಂಗಳುಗಟ್ಟಲೆ ನೋಡಿಕೊಳ್ಳಬೇಕಾಯಿತು. ರಾತ್ರಿ ಒಂದು ಹಳೆಯ ಹಾಸ್ಯ ಸರಣಿ ಹಾಕಿಕೊಂಡು ಕೂರುತ್ತಿದ್ದೆ. ಆಗಲೇ ನಾಲ್ಕು ಸಲ ನೋಡಿದ್ದದ್ದು. ಗಮನ ಕೊಟ್ಟು ನೋಡುತ್ತಿರಲಿಲ್ಲ. ಅರ್ಧ ಕಣ್ಣು ಅಮ್ಮನ ಮೇಲೆ, ನಡುವೆ ನಿದ್ದೆ. ಮುಂದೆ ಏನಾಗುತ್ತದೆ ಅಂತ ಗೊತ್ತಿರುವುದೇ ನನಗೆ ಬೇಕಿತ್ತು. ದಿನದಲ್ಲಿ ಗೊತ್ತಿಲ್ಲದ ವಿಷಯಗಳು ತುಂಬಾ ಇದ್ದವು.

ಪೂರ್ತಿ ಗಮನ ಕೊಟ್ಟು ನೋಡಿದರೇನೇ ಅಭಿಪ್ರಾಯ ಅನ್ನುವುದಾದರೆ, ನನ್ನ ಈ ಅಭಿಪ್ರಾಯವನ್ನು ಎಲ್ಲಿ ಇಡಬೇಕು? ಆ ಸರಣಿ ನನ್ನನ್ನು ಕಾಪಾಡಿತು. ಅದು ಎಷ್ಟು ಚೆನ್ನಾಗಿದೆ ಅಂತ ಅಂಕ ಕೊಡಲು ನನಗೆ ಬರುವುದಿಲ್ಲ.

ರಾತ್ರಿನೋಟ

ನೀವು ಹೇಗೆ ನೋಡಿದಿರಿ ಅಂತ ಹೇಳಿಬಿಟ್ಟಿರಲ್ಲ, ಅದಕ್ಕೇ ಆ ಸರಣಿ ಎಂಥದ್ದು ಅಂತ ನನಗೆ ಯಾವ ವಿಮರ್ಶೆಗಿಂತಲೂ ಚೆನ್ನಾಗಿ ಗೊತ್ತಾಯಿತು. ಅಮ್ಮ ಹುಷಾರಾಗಿದ್ದಾರೆ ಅಂದುಕೊಳ್ಳುತ್ತೇನೆ.

ಗೆಳತಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಈ ಭಾನುವಾರ ನೋಡುತ್ತಾಳಂತೆ.

ಮೂರನೇ ಸಾಲು

ನಾನು ನಿನ್ನೆ ನೋಡಿದೆ, 'ಟೋಕಿಯೋ ಸ್ಟೋರಿ'. ಇಷ್ಟು ಮಾತಾಡಿ ನೋಡದೇ ಇದ್ದರೆ ಸರಿಯಲ್ಲ ಅನಿಸಿತು. ಹೇಗೆ ನೋಡಿದೆ ಅಂತಲೂ ಹೇಳುತ್ತೇನೆ. ಒಬ್ಬನೇ, ಟಿವಿಯಲ್ಲಿ, ದೀಪ ಆರಿಸಿ, ಫೋನ್ ಬೇರೆ ಕೋಣೆಯಲ್ಲಿ. ನಡುವೆ ಒಂದು ಸಲ ಎದ್ದೆ.

ನನಗೆ ಪೂರ್ತಿ ಹಿಡಿಸಲಿಲ್ಲ. ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ಕೊನೆಯಲ್ಲಿ ಮಾವ ತನ್ನ ಹೆಂಡತಿಯ ಗಡಿಯಾರವನ್ನು ಸೊಸೆಗೆ ಕೊಡುತ್ತಾನಲ್ಲ, ಅದು ಮಾತ್ರ ಬೆಳಿಗ್ಗೆಯಿಂದ ಕಣ್ಣ ಮುಂದೆಯೇ ಇದೆ. ಆದರೆ ಅಲ್ಲಿಗೆ ಬರುವ ದಾರಿ ತುಂಬಾ ಉದ್ದ. ಅದರಲ್ಲೂ ಸಮುದ್ರದ ಹತ್ತಿರದ ಹೋಟೆಲಿಗೆ ಅವರನ್ನು ಕಳಿಸುವ ಭಾಗ. ರಾತ್ರಿ ಗಲಾಟೆಗೆ ಇಬ್ಬರಿಗೂ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಗೋಡೆ ಮೇಲೆ ಕೂರುತ್ತಾರೆ. ಅದನ್ನು ಅರ್ಧದಲ್ಲಿ ಹೇಳಬಹುದಿತ್ತು.

ರಾತ್ರಿನೋಟ

ಎದ್ದಿದ್ದು ಯಾವಾಗ?

ಮೂರನೇ ಸಾಲು

ಅಲ್ಲೇ. ಅವರು ಗೋಡೆ ಮೇಲೆ ಕೂತಾಗ ನೀರು ಕುಡಿಯಲು ಹೋದೆ. ನಿಲ್ಲಿಸಲಿಲ್ಲ, ಓಡುತ್ತಿತ್ತು. ಬರುವಾಗ ಅವರು ಹೊರಟಿದ್ದರು.

ರಾತ್ರಿನೋಟ

ಗೋಡೆಯಿಂದ ಏಳುವಾಗ ಅಜ್ಜಿಗೆ ತಲೆ ತಿರುಗುತ್ತದೆ. ಒಂದು ಕ್ಷಣ ಕೆಳಗೆ ಕುಸಿಯುತ್ತಾಳೆ. ಏನಿಲ್ಲ, ನಿದ್ದೆ ಇಲ್ಲದ್ದಕ್ಕೆ ಅಂತ ಇಬ್ಬರೂ ಅದನ್ನು ಅಲ್ಲಿಗೇ ಬಿಡುತ್ತಾರೆ. ಮುಂದೆ ಆಗುವುದೆಲ್ಲ ಅಲ್ಲಿಂದಲೇ ಶುರು.

ಮೂರನೇ ಸಾಲು

ಅದನ್ನು ನಾನು ನೋಡಿಲ್ಲ.

ಇವತ್ತು ರಾತ್ರಿ ಆ ಭಾಗ ಮತ್ತೆ ಹಾಕುತ್ತೇನೆ. ಆಮೇಲೂ ಉದ್ದ ಅನಿಸಿದರೆ ಬಂದು ಹೇಳುತ್ತೇನೆ.